ವಿದುಷಿ ಆನ್ ಕಾನ್‌ವೇ ಮತ್ತು ಆಕೆಯ ಶಿರೋವೇದನೆ

ರೋಗಗಳಲ್ಲಿ ಕಣ್ಣಿಗೆ ಕಾಣುವುವು ಕೆಲವು, ಕಾಣದಿರುವುವು ಕೆಲವು. ಹುಣ್ಣನ್ನು ನೋಡಿದವರು ಅರಿಯುವರು. ಜ್ವರವನ್ನು ಮೈಮುಟ್ಟಿದವರು ಅರಿಯುವರು. ನೋವನ್ನಾದರೋ ಅನುಭವಿಸುವವರಲ್ಲದೆ ಅನ್ಯರು ಅರಿಯಲಾರರು. ಆದುದರಿಂದ ವರ್ಷಗಟ್ಟಲೆ ಬಿಡದೆ ಕಾಡುವ ನೋವಿಗೆ ತುತ್ತಾದವರಿಗೆ ಎರಡು ಬಗೆಯ ಸಂಕಟಗಳುಂಟು: ನೋವನ್ನು ತಾಳುವುದು ಒಂದು, ಅದು ದಿಟವೆಂದು ಪರರಿಗೆ ತಿಳಿಯಪಡಿಸುವುದು ಇನ್ನೊಂದು. 17ನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಬಾಳಿದ ಆನ್ ಕಾನ್‌ವೇ ಎಂಬ ತತ್ತ್ವಜ್ಞಾನಿಯು ಮೊದಲನೆಯ ಸಂಕಟವನ್ನು ಸಾಯುವವರೆಗೂ ಅನುಭವಿಸಿದಳು. ಎರಡನೆಯದು ಆಕೆಗೆ ಬಹುಮಟ್ಟಿಗೆ ತಪ್ಪಿದುದು ಆಕೆಯ ಪತಿ, ಸಹೋದರ ಹಾಗೂ ಗುರು, ಈ ಮೂವರ ದೆಸೆಯಿಂದ.

ಆನ್ ಹುಟ್ಟಿದುದು 1631ನೆಯ ಇಸವಿ ಡಿಸೆಂಬರ್ 14ರಂದು, ಲಂಡನ್ನಿನಲ್ಲಿ. ಕಾಮನ್ಸ್ ಸಭೆಯ ಅಧ್ಯಕ್ಷನಾಗಿದ್ದ ಅವಳ ತಂದೆ ಸರ್ ಹೆನೇಜ್ ಫಿಂಚನು ಮಗಳು ಹುಟ್ಟುವುದಕ್ಕೆ ಒಂದು ವಾರ ಮುಂಚೆಯೇ ತೀರಿಕೊಂಡನು. ಆ ಕಾಲದಲ್ಲಿ ಹೆಂಗಸರಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿದ್ದಿತು. ಆದರೂ ಮಲಸಹೋದರನಾದ ಜಾನ್ ಫಿಂಚನು ಕೇಂಬ್ರಿಡ್ಜಿನ ಕ್ರೈಸ್ಟ್ಸ್ ಕಾಲೇಜಿನಲ್ಲಿ ತನಗೆ ಗುರುವಾಗಿದ್ದ ಹೆನ್ರಿ ಮೋರ್ ಎಂಬ ತತ್ತ್ವಜ್ಞಾನಿಯ ಪರಿಚಯವನ್ನು ತಂಗಿಗೆ ಮಾಡಿಸಿದನು. ಮೋರನು ಪತ್ರಗಳ ಮೂಲಕವೇ ಆಕೆಗೆ ಡೇಕಾರ್ಟನ ತತ್ತ್ವಗಳನ್ನು ಬೋಧಿಸಿದನು. ಕ್ರಮೇಣ ಶಿಷ್ಯೆಯು ಗುರುವಿನ ಸಮಾನಸ್ಕಂಧಳಾದ ಗೆಳತಿಯಾದಳು. 1651ರಲ್ಲಿ ಎಡ್ವರ್ಡ್ ಕಾನ್‌ವೇ ಎಂಬ ಶ್ರೀಮಂತನೊಡನೆ ವಿವಾಹವಾಯಿತು. ವಾರಿಕ್‌ಷೈರ್ ಸೀಮೆಯ ರಾಗ್ಲಿ ಎಂಬಲ್ಲಿ ಈ ದಂಪತಿಗಳ ನೆಲೆ.

ಆಕೆಗೆ ಹನ್ನೆರಡು ವಯಸ್ಸಿನ ಸುಮಾರಿನಲ್ಲಿ ಒಮ್ಮೆ ಜ್ವರ ಬಂದಿತು. ಜ್ವರವೇನೋ ಇಳಿಯಿತು, ಅದರ ಹಿಂದೆಯೇ ಬಂದ ತಲೆನೋವು ಇಳಿಯಲಿಲ್ಲ. ಮೊದಮೊದಲು ಬಿಟ್ಟುಬಿಟ್ಟು ಬರುತ್ತಿದ್ದುದು ವಯಸ್ಸಾದಂತೆಲ್ಲ ಹೆಚ್ಚುತ್ತ, ಕೊನೆಗೆ ಬಿಡುವೇ ಇಲ್ಲವೆನ್ನುವಷ್ಟಾಯಿತು. ನೋವು ಕೆರಳಿದಾಗ ಬೆಳಕನ್ನಾಗಲಿ ಮಾತಿನ ಸದ್ದನ್ನಾಗಲಿ ತಾಳಲಾರದೆ, ಕತ್ತಲು ಮಾಡಿದ ಕೋಣೆಯಲ್ಲಿ ಹಾಸಿಗೆಯ ಮೇಲೆ ನೆಟ್ಟಗೆ ಕುಳಿತು, ಅನ್ನವಿಲ್ಲದೆ ನಿದ್ರೆಯಿಲ್ಲದೆ ಇರುತ್ತಿದ್ದಳು.

ಈ ಬೇನೆಯ ಮೂಲವನ್ನು ಕಂಡುಹಿಡಿಯುವ ಸಲುವಾಗಿ ಆ ಮನೆಯವರು ಹತ್ತದ ಮೆಟ್ಟಿಲಿಲ್ಲ. ದೇಹದಲ್ಲಿ ರಕ್ತವು ಸುತ್ತಿ ಹರಿಯುವುದೆಂದು 1628ರಲ್ಲಿ ಲೋಕಕ್ಕೆ ತೋರಿಸಿಕೊಟ್ಟ ವಿಲಿಯಂ ಹಾರ್ವೆಯೇ ಆಕೆಗೆ ಚಿಕಿತ್ಸೆ ಮಾಡಿದನು. ರಾಜವೈದ್ಯನೆಂದು ಹೆಸರಾಗಿದ್ದ ಮೇಯರ್ನನ ಸಲಹೆಯನ್ನೂ ಕೇಳಿದುದಾಯಿತು. ರಸಾಯನಶಾಸ್ತ್ರಜ್ಞ ರಾಬರ್ಟ್ ಬಾಯ್ಲನ ಔಷಧವನ್ನೂ ಪ್ರಯೋಗಿಸಿದುದಾಯಿತು. ಸಹೋದರ ಜಾನನು ಇಟಲಿಯ ಪಡುವಾದಲ್ಲಿ ಸ್ವತಃ ವೈದ್ಯವಿದ್ಯೆಯನ್ನು ಕಲಿತವನಾದುದರಿಂದ ದೂರದೇಶಗಳಿಂದಲೂ ತಂಗಿಯ ಆರೋಗ್ಯವನ್ನು ಕುರಿತು ಕಾಗದ ಬರೆಯುತ್ತಿದ್ದನು. 1656ರಲ್ಲಿ ತಲೆಬುರುಡೆಗೆ ರಂಧ್ರ ಕೊರೆಯಿಸಿದರೆ ಗುಣವಾದೀತೆಂಬ ಆಸೆಯಿಂದ ಆಕೆ ಫ್ರಾನ್ಸಿಗೆ ಹೊರಟಳು. ಹೆನ್ರಿ ಮೋರನು ಜತೆಗೆ ಹೋದನು. ಅಲ್ಲಿನ ಶಸ್ತ್ರವೈದ್ಯರು ಬುರುಡೆಯನ್ನು ಕೊರೆಯಲು ಒಪ್ಪದೆ, ರಕ್ತನಾಳವನ್ನು ತೆರೆದು ರಕ್ತ ತೆಗೆದರು. ಹೋದ ನೋವಿನೊಡನೆಯೇ ಆಕೆ ಹಿಂದಿರುಗಿದಳು.

ಇಲ್ಲಿ ಒಂದು ಸಂಗತಿಯನ್ನು ಮರೆಮಾಚಲಾಗದು. ಬಂಧುಗಳ ಪ್ರೀತಿಯೇ ಕೆಲವು ವೇಳೆ ರೋಗಿಗೆ ಹೊರೆಯಾಯಿತು. ಹೊಸ ವೈದ್ಯನೊಬ್ಬನ ಹೆಸರು ಕಿವಿಗೆ ಬಿದ್ದೊಡನೆ ಹೊಸ ಆಸೆ, ಹೊಸ ಕಷಾಯ, ಹೊಸ ಯಾತನೆ. ರಕ್ತಮೋಕ್ಷ, ಊಟೆಯ ನೀರಿನ ಸ್ನಾನಪಾನಗಳು ಮುಗಿದುವು. ಬಾಯಿಂದ ಜೊಲ್ಲು ಸುರಿಸುವುದಕ್ಕಾಗಿ ಪಾದರಸವನ್ನು ಪ್ರಯೋಗಿಸುವ ಚಿಕಿತ್ಸೆಯೂ ಒಂದಕ್ಕಿಂತ ಹೆಚ್ಚು ಸಲ ನಡೆಯಿತು. ಪಾದರಸವು ವಿಷವೆಂಬುದನ್ನು ಇಂದಿನವರು ಬಲ್ಲರು. ಅಂದಿನವರಿಗೆ ಅದು ದಿವ್ಯೌಷಧ. ಇದರ ನಡುವೆ 1660ರಲ್ಲಿ ಸಿಡುಬಿನಿಂದ ಏಕಮಾತ್ರ ಶಿಶುವು ತೀರಿಕೊಂಡಿತು. ಆ ರೋಗವು ತಾಯಿಯನ್ನೂ ಮುಟ್ಟಿ ಬಿಟ್ಟಿತು.

1666ರಲ್ಲಿ ಎಡ್ವರ್ಡ್ ಕಾನ್‌ವೇಯು ಐರ್ಲೆಂಡಿನಿಂದ ವ್ಯಾಲೆಂಟೈನ್ ಗ್ರೇಟ್‌ರೇಕ್ಸ್ ಎಂಬವನನ್ನು ರಾಗ್ಲಿಗೆ ಕರೆಯಿಸಿದನು. ಕೈಯಿಂದ ನೀವಿಯೇ ರೋಗಗಳನ್ನು ಕಳೆಯುವನೆಂದು ಅವನ ಪ್ರಸಿದ್ಧಿ. ಸುತ್ತಣ ಊರುಗಳ ಜನ ಕಿಕ್ಕಿರಿದು ನೆರೆದರು; ಗುಣವಾಯಿತೆಂದು ಹೇಳಿಕೊಂಡವರು ಅನೇಕರು. ಯಾರ ಸಲುವಾಗಿ ಅವನನ್ನು ಬರಮಾಡಿಕೊಂಡಿದ್ದರೋ ಆ ಗೃಹಿಣಿಗೆ ಮಾತ್ರ ಎಳ್ಳಷ್ಟೂ ಪ್ರಯೋಜನವಾಗಲಿಲ್ಲ.

ಆಕೆಯನ್ನು ಪರೀಕ್ಷಿಸಿದವರಲ್ಲಿ ಥಾಮಸ್ ವಿಲ್ಲಿಸನು ವಿಶೇಷವಾಗಿ ಸ್ಮರಣೀಯನು. 1664ರಲ್ಲಿ ಮೆದುಳಿನ ರಚನೆಯನ್ನು ಕುರಿತು ಶ್ರೇಷ್ಠಗ್ರಂಥವನ್ನು ಬರೆದವನು ಈತನೇ. ಮೆದುಳಿನ ತಳದ ರಕ್ತನಾಳಗಳ ವರ್ತುಲಕ್ಕೆ ಇಂದಿಗೂ ಈತನ ಹೆಸರಿದೆ. 1672ರಲ್ಲಿ ಪ್ರಕಟವಾದ ಈತನ ಇನ್ನೊಂದು ಲ್ಯಾಟಿನ್ ಗ್ರಂಥದಲ್ಲಿ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ತಲೆನೋವಿನಿಂದ ನರಳಿದ ಕುಲೀನ ಸ್ತ್ರೀಯೊಬ್ಬಳ ವೃತ್ತಾಂತವಿದೆ. ಹೆಸರನ್ನು ಹೇಳದಿದ್ದರೂ ಆಕೆಯು ಆನ್ ಕಾನ್‌ವೇಯೇ ಎಂಬುದು ವಿದ್ವಾಂಸರ ಮತ. ನೋವಿನ ಆರಂಭ, ಏರಿಳಿತ, ಮಾಡಿದ ಚಿಕಿತ್ಸೆಗಳು, ಎಲ್ಲವನ್ನೂ ವಿವರವಾಗಿ ಬರೆದು, ಯಾವುದರಿಂದಲೂ ರೋಗವು ಬಗ್ಗಲಿಲ್ಲವೆಂದು ಆತನು ನೇರವಾಗಿ ಒಪ್ಪಿಕೊಂಡಿದ್ದಾನೆ. ತನ್ನ ವಿದ್ಯೆಯು ಸೋತಾಗ ರೋಗಿಯನ್ನು ಹಳಿಯದಿರುವುದು ವೈದ್ಯನಿಗೆ ದೊಡ್ಡ ಗುಣ.

1670ರಲ್ಲಿ ಮೋರನ ಪ್ರೇರಣೆಯಿಂದ ರಾಗ್ಲಿಗೆ ಬಂದ ಫ್ರಾನ್ಸಿಸ್ ಮರ್ಕ್ಯುರಿ ವ್ಯಾನ್ ಹೆಲ್ಮಾಂಟನೂ ರೋಗವನ್ನು ಕಳೆಯಲಾರದೆ ಹೋದನು. ಆದರೆ ಉಳಿದವರಂತೆ ಹೊರಟುಹೋಗದೆ, ಆಕೆಯ ಕೊನೆಗಾಲದವರೆಗೂ ಆ ಮನೆಯಲ್ಲಿಯೇ ನಿಂತನು. ಆತನ ಮೂಲಕ ಕ್ವೇಕರ್ ಪಂಥದವರ ಪರಿಚಯವಾಯಿತು. ಸೆರೆಮನೆ, ದಂಡನೆಗಳನ್ನು ಉಂಡಿದ್ದ ಆ ಜನರನ್ನೇ ಆಕೆ ತನ್ನ ಸೇವೆಗೆ ಇಟ್ಟುಕೊಂಡಳು. ಸ್ವತಃ ದುಃಖಪಟ್ಟವರ ಸಾನ್ನಿಧ್ಯವೇ ದುಃಖಿಗೆ ಹೆಚ್ಚಿನ ಸಮಾಧಾನವೆಂಬ ಭಾವವನ್ನು ಮೋರನಿಗೆ ಬರೆದ ಪತ್ರದಲ್ಲಿ ತಿಳಿಸಿದ್ದಾಳೆ. ಪತಿಗೂ ಗುರುವಿಗೂ ಈ ಪಂಥವು ರುಚಿಸಲಿಲ್ಲ; ಆದರೂ ಇಬ್ಬರೂ ಆಕೆಯ ಕೈಬಿಡಲಿಲ್ಲ.

ಇಷ್ಟು ನೋವಿನ ನಡುವೆ ಆಕೆ ಬರೆದಿಟ್ಟ ತತ್ತ್ವವಿಚಾರವು 1690ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಆಮ್‌ಸ್ಟರ್‌ಡಾಮಿನಲ್ಲಿಯೂ, 1692ರಲ್ಲಿ ಇಂಗ್ಲಿಷಿನಲ್ಲಿಯೂ ಆಕೆಯ ಹೆಸರಿಲ್ಲದೆ ಪ್ರಕಟವಾಯಿತು. ದೇಹವೂ ಆತ್ಮವೂ ತೀರ ಬೇರೆಯಾದ ಎರಡು ವಸ್ತುಗಳೆಂದು ಡೇಕಾರ್ಟನ ವಾದ. ಗುರುವಾದ ಮೋರನೂ ಅವೆರಡು ಬೇರೆಯೆಂದೇ ನಂಬಿದವನು. ಹಾಗಿದ್ದರೆ ದೇಹಕ್ಕೆ ನೋವಾದಾಗ ಆತ್ಮವೇಕೆ ಅಷ್ಟೊಂದು ಸಂಕಟಪಡಬೇಕೆಂದು ಶಿಷ್ಯೆಯ ಪ್ರಶ್ನೆ. ಈ ಪ್ರಶ್ನೆಯ ಹಿಂದೆ ಮೂವತ್ತು ವರ್ಷಗಳಿಗೂ ಮೀರಿದ ಅನುಭವವಿದ್ದಿತು. ಲೈಬ್ನಿಟ್ಸ್‌ನಂಥ ಮಹಾಮತಿಯು ಆಕೆಯ ವಿಚಾರಗಳನ್ನು ಗೌರವದಿಂದ ನೆನೆದಿದ್ದಾನೆ.

1679ರ ಫೆಬ್ರವರಿಯಲ್ಲಿ ಆಕೆ ದೇಹವನ್ನು ಬಿಟ್ಟಳು. ಪತಿಯು ಆಗ ಐರ್ಲೆಂಡಿನಲ್ಲಿದ್ದನು. ಆತನು ಬಂದು ಕಡೆಯ ಸಲ ಮುಖವನ್ನು ನೋಡಲೆಂದು ವ್ಯಾನ್ ಹೆಲ್ಮಾಂಟನು ಕಳೇಬರವನ್ನು ಮದ್ಯಸಾರದಲ್ಲಿ ಕೆಡದಂತೆ ಇರಿಸಿ, ಪೆಟ್ಟಿಗೆಯ ಮುಖಭಾಗಕ್ಕೆ ಗಾಜನ್ನು ಹಾಕಿಸಿದನು.

ಆ ಬೇನೆಯ ಹೆಸರೇನು? ಮೈಗ್ರೇನ್ ಇದ್ದಿರಬಹುದೆಂದು ಇಂದಿನ ಅನೇಕರ ಊಹೆ. ಕನ್ನಡದಲ್ಲಿ ಅರೆತಲೆನೋವೆಂದೂ ಆಯುರ್ವೇದದಲ್ಲಿ ಅರ್ಧಾವಭೇದಕವೆಂದೂ ಕರೆಯುವುದು ಇದನ್ನೇ ಹೋಲುವ ಬೇನೆಯನ್ನು. ಮೂರೂವರೆ ಶತಮಾನಗಳಾಚೆಯ ರೋಗಿಯ ವಿಷಯದಲ್ಲಿ ಖಚಿತವಾಗಿ ಹೇಳುವುದು ಸಾಧ್ಯವಲ್ಲ. ಇಂದಿಗೂ ಮೈಗ್ರೇನನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಚಿತ್ರವಾಗಲಿ ಇಲ್ಲ. ರೋಗಿಯು ಹೇಳುವ ಮಾತನ್ನು ವೈದ್ಯನು ಗಮನವಿಟ್ಟು ಕೇಳಿಯೇ ಅದನ್ನು ನಿರ್ಣಯಿಸಬೇಕು. ಮೂರು ತಿಂಗಳಿಗಿಂತ ಹೆಚ್ಚಾಗಿ ನಿಲ್ಲುವ ನೋವು ತಾನೇ ಒಂದು ವ್ಯಾಧಿಯಾಗಿರಬಹುದೆಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಸ್ಥಾನ ದೊರೆತುದು 2019ರಲ್ಲಿ ಅಂಗೀಕೃತವಾದ 11ನೆಯ ಆವೃತ್ತಿಯಲ್ಲಿ.

ಆನ್ ಕಾನ್‌ವೇ ಮತ್ತು ಆಕೆಯ ಆಪ್ತರ ಪತ್ರಗಳು 1930ರಲ್ಲಿ ಅಚ್ಚಾದುವು. ಯಾವ ದಿನ ನೋವು ಹೆಚ್ಚಿತು, ಯಾವ ಮದ್ದು ಏನು ಮಾಡಿತು ಎಂಬುದನ್ನು ಪತಿ, ಸಹೋದರ, ಗುರುಗಳು ಒಬ್ಬರಿಗೊಬ್ಬರು ಬರೆದುಕೊಂಡಿದ್ದರಿಂದಲೇ ಆಕೆಯ ಬೇನೆಯ ಚರಿತ್ರೆಯು ಉಳಿದಿದೆ. ಅವರಿಂದ ನೋವನ್ನು ಕಳೆಯಲಾಗಲಿಲ್ಲ. ಅದು ಇಲ್ಲವೆಂದು ಅವರು ಒಂದು ದಿನವೂ ಹೇಳಲಿಲ್ಲ. ಕತ್ತಲೆಯ ಕೋಣೆಯಲ್ಲಿ ಕುಳಿತವಳಿಗೆ ಹೊರಗೆ ತನ್ನ ಮಾತನ್ನು ನಂಬಿದವರಿದ್ದಾರೆಂಬ ಅರಿವು ಇದ್ದಿತು. ಆ ಅರಿವಿನ ಬಲದಿಂದಲೇ ಆಕೆಯ ಬುದ್ಧಿಯು ಕಡೆಯವರೆಗೂ ಬೆಳಗಿತೆಂದರೆ ತಪ್ಪಾಗಲಾರದು.