ಜೊಲ್ಲು ಸೋರಿಕೆ: ನರಸಂಬಂಧಿ ಅಂಗವೈಕಲ್ಯವಿರುವ ಮಕ್ಕಳಲ್ಲಿ ಚಿಕಿತ್ಸೆಯ ಇತಿಹಾಸ

ಹಲ್ಲು ಮೂಡುವ ಕೂಸಿನ ಬಾಯಿಂದ ಜೊಲ್ಲು ಸುರಿಯುವುದು ಸಹಜ. ಒಂದೂವರೆ, ಎರಡು ವರ್ಷದ ಹೊತ್ತಿಗೆ ಅದು ತಾನಾಗಿ ನಿಲ್ಲುತ್ತದೆ. ನಾಲ್ಕು ವರ್ಷ ದಾಟಿದ ಮೇಲೂ ಎಚ್ಚರವಿರುವಾಗಲೇ ಅಂಗಿಯ ಎದೆಭಾಗ ತೊಯ್ಯುತ್ತಿದ್ದರೆ ವೈದ್ಯರು ಅದನ್ನು ಚಿಕಿತ್ಸೆ ಬೇಕಾದ ತೊಂದರೆಯೆಂದು ಎಣಿಸುತ್ತಾರೆ. ಇಂಥ ಮಕ್ಕಳಲ್ಲಿ ಹೆಚ್ಚಿನವರು ಮೆದುಳಿನ ಪಾರ್ಶ್ವವಾಯು ಇರುವವರು. ಆಸ್ಪತ್ರೆಗಳಲ್ಲಿ ಇದನ್ನು ಸೆರೆಬ್ರಲ್ ಪಾಲ್ಸಿ, ಸಿ.ಪಿ. ಎನ್ನುವುದೇ ರೂಢಿ.

ಆರೋಗ್ಯವಂತ ವ್ಯಕ್ತಿಯ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಊರುತ್ತದೆ. ಅದನ್ನು ಅರಿವಿಲ್ಲದೆಯೇ ನುಂಗುತ್ತಿರುತ್ತೇವೆ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಗೆಯ ಅಡಿಯಲ್ಲಿ ಹೀಗೆ ಮೂರು ಜೊತೆ ದೊಡ್ಡ ಗ್ರಂಥಿಗಳಿವೆ. ಊಟವಿಲ್ಲದ ಹೊತ್ತಿನಲ್ಲಿ ಬರುವ ಜೊಲ್ಲಿನಲ್ಲಿ ಹೆಚ್ಚಿನ ಪಾಲು ದವಡೆಯ ಕೆಳಗಿನ ಗ್ರಂಥಿಗಳದು. ಸಿ.ಪಿ. ಇರುವ ಮಗುವಿನಲ್ಲಿ ಈ ಗ್ರಂಥಿಗಳು ಸಾಮಾನ್ಯವಾಗಿ ಅತಿಯಾಗಿ ಸುರಿಸುವುದಿಲ್ಲ. ತುಟಿ ಮುಚ್ಚುವುದು, ನಾಲಗೆಯಿಂದ ಹಿಂದಕ್ಕೆ ತಳ್ಳುವುದು, ನುಂಗುವುದು, ಕತ್ತು ನೆಟ್ಟಗೆ ಹಿಡಿಯುವುದು ಇವು ಒಂದಕ್ಕೊಂದು ಹೊಂದಿ ನಡೆಯುವುದಿಲ್ಲ, ಅಷ್ಟೆ. ಈ ಒಂದು ಸಂಗತಿ ವೈದ್ಯರಿಗೆ ಮನವರಿಕೆಯಾಗಲು ಬಹಳ ಕಾಲ ಹಿಡಿಯಿತು. ಅಲ್ಲಿಯವರೆಗಿನ ಚಿಕಿತ್ಸೆಗಳಲ್ಲಿ ಹೆಚ್ಚಿನವು ಜೊಲ್ಲನ್ನು ಬತ್ತಿಸುವ, ತಿರುಗಿಸುವ, ಕತ್ತರಿಸುವ ಪ್ರಯತ್ನಗಳೇ.

ಭಾರತದ ಹಳೆಯ ವೈದ್ಯಗ್ರಂಥಗಳಲ್ಲಿ ಮಕ್ಕಳ ಚಿಕಿತ್ಸೆಗೇ ಮೀಸಲಾದ ಕಾಶ್ಯಪ ಸಂಹಿತೆ ಅತಿಯಾದ ಲಾಲಾಸ್ರಾವವನ್ನು ಬಾಯಿಯ ಬೇನೆಯ ಗುರುತಾಗಿ ಹೇಳುತ್ತದೆ. ಮಾತು ಬಾರದ ಮಗುವಿನ ನೋವನ್ನು ಅದರ ಚರ್ಯೆಯಿಂದಲೇ ಓದುವುದು ಹೇಗೆಂಬ ಅಧ್ಯಾಯದಲ್ಲಿ ಈ ಮಾತು ಬರುತ್ತದೆ. ವರ್ಷ ಕಳೆದರೂ ನಡೆಯದ ಮಗುವಿನ ಫಕ್ಕರೋಗವನ್ನು ವಿವರಿಸುವಾಗ ಇದೇ ಗ್ರಂಥ ನಡಿಗೆ ಕಲಿಸಲು ಮೂರು ಗಾಲಿಯ ಬಂಡಿಯನ್ನೂ ಸೂಚಿಸುತ್ತದೆ. ಔಷಧದ ಜೊತೆಗೆ ಅಭ್ಯಾಸವೂ ಬೇಕೆಂಬ ತಿಳಿವಳಿಕೆ ಅಷ್ಟು ಹಿಂದೆಯೇ ಇತ್ತೆಂಬುದು ಗಮನಾರ್ಹ. ಕನ್ನಡನಾಡಿನ ಮನೆಗಳಲ್ಲಿ ಬಜೆ ತೇಯ್ದು ನಾಲಗೆಗೆ ಸವರುವ ಪದ್ಧತಿ ಇಂದಿಗೂ ಇದೆ. ಅದರಿಂದ ಜೊಲ್ಲು ನಿಲ್ಲುತ್ತದೆ ಎನ್ನಲು ಆಧಾರವಿಲ್ಲ. ನುಂಗಲು ತೊಡಕಿರುವ ಮಗುವಿಗೆ ಏನನ್ನು ಬಾಯಿಗೆ ಹಾಕಿದರೂ ಶ್ವಾಸನಾಳಕ್ಕೆ ಇಳಿಯುವ ಭಯವಿರುತ್ತದೆಂಬುದನ್ನು ಮಾತ್ರ ಮರೆಯಬಾರದು.

ಗ್ರಂಥಿಗಳ ಅಂಗರಚನೆ ಯುರೋಪಿನಲ್ಲಿ 17ನೆಯ ಶತಮಾನದಲ್ಲಿ ಬೆಳಕಿಗೆ ಬಂತು. ದವಡೆಯ ಕೆಳಗಿನ ಗ್ರಂಥಿಯ ನಾಳವನ್ನು ಇಂಗ್ಲೆಂಡಿನ ಥಾಮಸ್ ವಾರ್ಟನ್ 1656ರಲ್ಲಿ ವರ್ಣಿಸಿದ. ಕಿವಿಯ ಮುಂದಿನ ಗ್ರಂಥಿಯ ನಾಳಕ್ಕೆ ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್‌ನ ಹೆಸರಿದೆ. ಜೊಲ್ಲು ನರಗಳ ಅಪ್ಪಣೆಯಿಂದ ಊರುತ್ತದೆ ಎಂಬುದು 1850ರ ಆಸುಪಾಸಿನಲ್ಲಿ ಕಾರ್ಲ್ ಲುಡ್ವಿಗ್, ಕ್ಲಾಡ್ ಬರ್ನಾರ್ಡ್ ಇವರ ಪ್ರಯೋಗಗಳಿಂದ ಸ್ಪಷ್ಟವಾಯಿತು. ಮಕ್ಕಳ ಕೈಕಾಲು ಬಿಗಿತಕ್ಕೂ ಹೆರಿಗೆಯ ಕಾಲದ ತೊಂದರೆಗೂ ನಂಟಿದೆಯೆಂದು ಲಂಡನ್ನಿನ ವಿಲಿಯಂ ಜಾನ್ ಲಿಟ್ಲ್ ಹೇಳಿದ್ದು ಇದೇ ಶತಮಾನದಲ್ಲಿ. ಸಿ.ಪಿ.ಯನ್ನು ಬಹುಕಾಲ ಲಿಟ್ಲ್‌ನ ಕಾಯಿಲೆ ಎಂದೇ ಕರೆದರು. ಆದರೆ ಅವನ ಕಾಲದ ವೈದ್ಯರ ಗಮನವೆಲ್ಲ ಕಾಲಿನ ಮೇಲಿತ್ತು, ಬಾಯಿಯ ಮೇಲಲ್ಲ.

ಮೊದಲು ಕೈಗೆ ಸಿಕ್ಕಿದ್ದು ಔಷಧ. ಬೆಲ್ಲಡೋನ ಗಿಡದಿಂದ 1830ರ ದಶಕದಲ್ಲಿ ಬೇರ್ಪಡಿಸಿದ ಅಟ್ರೊಪಿನ್ ಬಾಯಿಯನ್ನು ಒಣಗಿಸುತ್ತದೆ. ನಮ್ಮ ಹೊಲದ ಬದುಗಳಲ್ಲಿ ಬೆಳೆಯುವ ದತ್ತೂರಿ ಅದೇ ಕುಟುಂಬದ್ದು, ಅದೇ ಬಗೆಯ ವಿಷವುಳ್ಳದ್ದು. ಮನೆಮದ್ದೆಂದು ಅದನ್ನು ಮುಟ್ಟುವುದು ಪ್ರಾಣಕ್ಕೇ ಅಪಾಯ. ಮುಂದೆ ಇದೇ ಗುಣದ ಟ್ರೈಹೆಕ್ಸಿಫೆನಿಡಿಲ್, ಚರ್ಮಕ್ಕೆ ಅಂಟಿಸುವ ಸ್ಕೊಪೊಲಮಿನ್ ಪಟ್ಟಿ, ಗ್ಲೈಕೊಪಿರೊಲೇಟ್ ಬಳಕೆಗೆ ಬಂದವು. ಗ್ಲೈಕೊಪಿರೊಲೇಟ್ ಮೆದುಳನ್ನು ಅಷ್ಟಾಗಿ ಹೊಗುವುದಿಲ್ಲವಾದ್ದರಿಂದ ಮಂಪರು, ಗೊಂದಲ ಕಡಿಮೆ. 3ರಿಂದ 16 ವರ್ಷದ ಮಕ್ಕಳ ಜೊಲ್ಲಿಗೆಂದೇ ಅದರ ದ್ರವರೂಪಕ್ಕೆ ಅಮೆರಿಕದಲ್ಲಿ 2010ರಲ್ಲಿ ಒಪ್ಪಿಗೆ ಸಿಕ್ಕಿತು.

ಕಲಬುರಗಿ ಸೀಮೆಯವರು ಈ ಔಷಧಗಳ ಬಗ್ಗೆ ವಿಶೇಷವಾಗಿ ತಿಳಿದಿರಬೇಕಾದ ಸಂಗತಿಯೊಂದಿದೆ. ಇವು ಜೊಲ್ಲಿನೊಂದಿಗೆ ಬೆವರನ್ನೂ ತಡೆಯುತ್ತವೆ. ಬೆವರು ಬಾರದಿದ್ದರೆ ಮೈಯ ಕಾವು ಇಳಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಮುಟ್ಟುವ ಊರಿನಲ್ಲಿ, ತಗಡಿನ ಸೂರಿನ ಕೆಳಗೆ, ನೀರು ಬೇಕೆಂದು ಬಾಯಿಬಿಟ್ಟು ಕೇಳಲಾರದ ಮಗುವಿಗೆ ಇದು ಸಣ್ಣ ಅಪಾಯವಲ್ಲ. ಮಲಬದ್ಧತೆ, ಮೂತ್ರ ಕಟ್ಟುವಿಕೆ ಬೇರೆ. ಸಿ.ಪಿ. ಮಕ್ಕಳಿಗೆ ಮಲಬದ್ಧತೆ ಮೊದಲೇ ಬೆನ್ನುಹತ್ತಿರುತ್ತದೆ. ಆದ್ದರಿಂದ ಬೇಸಿಗೆಗೆ ಮುಂಚೆ ಮಾತ್ರೆಯ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಇದಕ್ಕೆ ವಿರುದ್ಧವಾಗಿ, ಫಿಟ್ಸ್ ತಡೆಯಲು ಕೊಡುವ ಕ್ಲೊನಜೆಪಾಮ್, ನೈಟ್ರಜೆಪಾಮ್‌ನಂಥ ಕೆಲವು ಔಷಧಗಳು ಜೊಲ್ಲನ್ನು ಹೆಚ್ಚಿಸಬಲ್ಲವು. ಹೊಸದಾಗಿ ಜೊಲ್ಲು ಹೆಚ್ಚಾಗಿದ್ದರೆ ಮಗು ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ಮೊದಲು ನೋಡಬೇಕು. ಹುಳುಕು ಹಲ್ಲು, ಮೂಗು ಕಟ್ಟಿರುವುದು, ಹೊಟ್ಟೆಯ ಆಮ್ಲ ಮೇಲೇರುವುದು ಕೂಡ ಕಾರಣವಾಗಬಹುದು.

ಶಸ್ತ್ರಚಿಕಿತ್ಸೆಯ ಯುಗ 1960ರ ದಶಕದ ಕೊನೆಯಲ್ಲಿ ಶುರುವಾಯಿತು. ಕೆನಡಾದ ವಿಲ್ಕಿ 1967ರಲ್ಲಿ ಕಿವಿಯ ಮುಂದಿನ ಗ್ರಂಥಿಯ ನಾಳವನ್ನು ಗಂಟಲಿನತ್ತ ತಿರುಗಿಸುವ ವಿಧಾನವನ್ನು ಪ್ರಕಟಿಸಿದರು. ಮುಂದೆ ಅದಕ್ಕೆ ದವಡೆಯ ಕೆಳಗಿನ ಗ್ರಂಥಿಗಳನ್ನು ತೆಗೆಯುವುದೂ ಸೇರಿತು. 1970ರಲ್ಲಿ ಅಮೆರಿಕದ ಗೂಡ್ ಮತ್ತು ಸ್ಮಿತ್ ಕಿವಿಯೊಳಗೆ ಹಾಯುವ ನರಗಳನ್ನೇ ಕತ್ತರಿಸುವ ದಾರಿ ಹಿಡಿದರು. ಅದರಿಂದ ನಾಲಗೆಯ ಮುಂಭಾಗದ ರುಚಿಯೇ ಹೋಗುತ್ತಿತ್ತು, ಎಷ್ಟೋ ಸಲ ಜೊಲ್ಲು ಮರಳಿ ಬರುತ್ತಿತ್ತು. ತಿನ್ನುವ ಸುಖವೊಂದೇ ಆಸರೆಯಾಗಿರುವ ಮಗುವಿನಿಂದ ರುಚಿಯನ್ನು ಕಸಿಯುವುದು ದುಬಾರಿ ಬೆಲೆ. 1974ರಲ್ಲಿ ಸ್ವೀಡನ್ನಿನ ಎಕೆಡಾಲ್ ದವಡೆಯ ಕೆಳಗಿನ ಗ್ರಂಥಿಯ ನಾಳವನ್ನು ಹಿಂದಕ್ಕೆ ತಿರುಗಿಸಿದರು. ಟೊರಾಂಟೊದ ಕ್ರಿಸ್‌ಡೇಲ್ ಅದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದರು. ನುಂಗಬಲ್ಲ ಮಕ್ಕಳಿಗೆ ಇದು ಒಳ್ಳೆಯದೇ. ಜೊಲ್ಲು ಶ್ವಾಸಕೋಶಕ್ಕೆ ಇಳಿದು ಪದೇಪದೇ ನ್ಯುಮೋನಿಯ ಆಗುವ ಮಕ್ಕಳಿಗೆ ಸಲ್ಲದು.

ಸೋರಿಕೆಯನ್ನು ಅಳೆಯುವ ಸರಳ ಮಾಪನ ಬಂದದ್ದು 1988ರಲ್ಲಿ, ಥಾಮಸ್-ಸ್ಟೋನೆಲ್ ಮತ್ತು ಗ್ರೀನ್‌ಬರ್ಗ್ ಅವರಿಂದ. ತುಟಿಯಷ್ಟೇ ಒದ್ದೆಯೋ, ಗದ್ದವೋ, ಬಟ್ಟೆಯೋ, ಕೈ ಮತ್ತು ಮುಂದಿನ ಮೇಜೂ ತೊಯ್ದಿದೆಯೋ ಎಂದು ನೋಡಿ ಅಂಕ ಕೊಡುವ ಈ ಕ್ರಮಕ್ಕೆ ಯಂತ್ರ ಬೇಡ, ತಾಯಿಯ ಕಣ್ಣು ಸಾಕು.

ಬೊಟುಲಿನಮ್ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಗ್ರಂಥಿಗೆ ಚುಚ್ಚುವ ಚಿಕಿತ್ಸೆ 1990ರ ದಶಕದ ಕೊನೆಯಲ್ಲಿ ರೂಪುಗೊಂಡಿತು. ನೆದರ್ಲೆಂಡ್ಸಿನ ಯೊಂಗೆರಿಯುಸ್ ತಂಡ 2004ರಲ್ಲಿ 45 ಸಿ.ಪಿ. ಮಕ್ಕಳಲ್ಲಿ ಇದನ್ನು ಸ್ಕೊಪೊಲಮಿನ್ ಪಟ್ಟಿಯೊಡನೆ ಹೋಲಿಸಿ, ಜೊಲ್ಲು ಎರಡರಿಂದಲೂ ಇಳಿಯುತ್ತದೆ, ಅಡ್ಡಪರಿಣಾಮ ಚುಚ್ಚುಮದ್ದಿನಲ್ಲಿ ಕಡಿಮೆ ಎಂದು ತೋರಿಸಿತು. ಅಲ್ಟ್ರಾಸೌಂಡ್ ನೋಡುತ್ತ ಸೂಜಿ ಹಾಕುತ್ತಾರೆ. ಪರಿಣಾಮ ಕೆಲವು ತಿಂಗಳು ಇದ್ದು ಹೋಗುತ್ತದೆ, ಮತ್ತೆ ಚುಚ್ಚಿಸಬೇಕು. ಅಮೆರಿಕದಲ್ಲಿ ಎರಡು ವರ್ಷ ಮೇಲ್ಪಟ್ಟ ಮಕ್ಕಳ ಜೊಲ್ಲಿಗೆ ಈ ಬಗೆಯ ಒಂದು ಔಷಧಕ್ಕೆ 2020ರಲ್ಲಿ ಮಂಜೂರಾತಿ ದೊರೆಯಿತು. ಅದಕ್ಕೂ ಮುಂಚೆ, ಲಭ್ಯ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸುವ ಕಾಕ್ರೇನ್ ವಿಮರ್ಶೆ 2012ರಲ್ಲಿ ಎಲ್ಲ ವಿಧಾನಗಳನ್ನೂ ತೂಗಿ, ಇದೇ ಉತ್ತಮವೆನ್ನಲು ಪುರಾವೆ ಸಾಲದು ಎಂದೇ ತೀರ್ಮಾನಿಸಿತ್ತು.

ಇದೆಲ್ಲದರ ಜೊತೆಗೆ ಸದ್ದಿಲ್ಲದೆ ಬೆಳೆದದ್ದು ತರಬೇತಿಯ ದಾರಿ. ಲಂಡನ್ನಿನಲ್ಲಿ 1940ರ ದಶಕದಿಂದ ಬೆರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿ ಮಗುವಿನ ಭಂಗಿ, ಚಲನೆಗಳನ್ನು ತಿದ್ದುವ ಪದ್ಧತಿ ಕಟ್ಟಿದರು. ಬಾಯಿಯ ನಿಯಂತ್ರಣ ಸೊಂಟದಿಂದ ಶುರುವಾಗುತ್ತದೆಂಬ ಅರಿವು ಹರಡಿದ್ದು ಇಂಥ ಕೆಲಸದಿಂದ. ಕರ್ನಾಟಕದಲ್ಲಿ ಈ ವಿದ್ಯೆಗೆ ನೆಲೆ ಕೊಟ್ಟದ್ದು 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಬೆಂಗಳೂರಿನಲ್ಲಿ 1980ರಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಹುಟ್ಟಿತು. ಎರಡೂ ರಾಜ್ಯದ ದಕ್ಷಿಣದಲ್ಲೇ. ಕಲಬುರಗಿಯಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು 1963ರಲ್ಲೇ ಬಂದಿತ್ತು, ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಅರ್ಧ ಶತಮಾನ ಕಾಯಬೇಕಾಯಿತು. ನಗರಕ್ಕೆ ಹೊಂದಿಕೊಂಡಿರುವ ತಾಜಸುಲ್ತಾನಪುರದವರಿಗೆ ಈ ಆಸ್ಪತ್ರೆಗಳು ಹತ್ತಿರ. ಕಮಲಾಪುರ ತಾಲ್ಲೂಕಿನ ಒಳಹಳ್ಳಿಯವರಿಗೆ ಹಾಗಲ್ಲ. ವಾರಕ್ಕೆ ಎರಡು ಸಲ ಥೆರಪಿಗೆಂದು ಕತ್ತು ನಿಲ್ಲದ ಮಗುವನ್ನು ಸೊಂಟದ ಮೇಲೆ ಹೊತ್ತು ಬಸ್ಸೇರುವುದೆಂದರೆ ತಾಯಿಯ ಎರಡು ದಿನದ ಕೂಲಿ ಹೋದಂತೆ.

ಆ ತಾಯಿ ಮನೆಯಲ್ಲೇ ಮಾಡಬಲ್ಲದ್ದು ಬಹಳಷ್ಟಿದೆ. ಮಗುವನ್ನು ಅಂಗಾತ ಮಲಗಿಸಿ ರೊಟ್ಟಿ ನೆನೆಸಿದ ಹಾಲನ್ನು ಬಾಯಿಗೆ ಹೊಯ್ಯುವ ರೂಢಿ ನಿಲ್ಲಬೇಕು. ಬೆನ್ನು ನೆಟ್ಟಗಿರುವಂತೆ, ಪಾದಗಳಿಗೆ ಮಣೆಯ ಆಸರೆ ಸಿಗುವಂತೆ ಕೂರಿಸಿ, ಗದ್ದ ತುಸು ಕೆಳಗಿರುವಂತೆ ನೋಡಿಕೊಂಡು ಎದುರಿಗೆ ಕೂತು ಉಣಿಸಬೇಕು. ಗದ್ದದ ಕೆಳಗೆ ಬೆರಳು ಕೊಟ್ಟು ದವಡೆಗೆ ಆಧಾರವಾದರೆ ತುಟಿ ಮುಚ್ಚಲು ಅನುಕೂಲ. ಜೊಲ್ಲನ್ನು ಉಜ್ಜಿ ಒರೆಸದೆ, ಮೆತ್ತನೆಯ ಹತ್ತಿಬಟ್ಟೆಯನ್ನು ತುಟಿಗೆ ಒತ್ತಿ ತೆಗೆದು, ನುಂಗಲು ನೆನಪಿಸಬೇಕು. ಉಜ್ಜಿದರೆ ಗದ್ದದ ಚರ್ಮ ಕೆಂಪಗಾಗಿ ಹುಣ್ಣಾಗುತ್ತದೆ. ಈ ಕ್ರಮವನ್ನು ಒಮ್ಮೆ ವಾಕ್ ಚಿಕಿತ್ಸಕರಿಂದ ಕಣ್ಣಾರೆ ಕಂಡು ಕಲಿಯುವುದು ಮುಖ್ಯ. ಉಣ್ಣುವಾಗ ಕೆಮ್ಮು, ಗೊರಗೊರ ಸದ್ದು, ಪದೇಪದೇ ಜ್ವರ ಇದ್ದರೆ ಮನೆಯ ಅಭ್ಯಾಸಕ್ಕಿಂತ ಮೊದಲು ಆಸ್ಪತ್ರೆಗೆ ಹೋಗಬೇಕು.

ಜೊಲ್ಲು ಸುರಿಸುವ ಮಗು ದಡ್ಡ ಮಗು ಎಂಬ ಮಾತು ಅಂಗನವಾಡಿ, ಶಾಲೆಗಳಲ್ಲಿ ಇನ್ನೂ ಕೇಳುತ್ತದೆ. ಅದು ತಪ್ಪು. ಬಾಯಿಯ ಸ್ನಾಯುಗಳ ಹಿಡಿತಕ್ಕೂ ಬುದ್ಧಿಗೂ ನೇರ ಸಂಬಂಧವಿಲ್ಲ, ಚೆನ್ನಾಗಿ ಓದಬಲ್ಲ ಎಷ್ಟೋ ಮಕ್ಕಳು ಒದ್ದೆ ಅಂಗಿಯ ಕಾರಣಕ್ಕೇ ಹಿಂದಿನ ಸಾಲಿಗೆ ಸರಿದಿದ್ದಾರೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಉಚಿತ. ಮುಂದಿನ ಆರೈಕೆಗೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳ ವ್ಯವಸ್ಥೆಯಿದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ವ್ಯಾಪ್ತಿಗೆ ಸಿ.ಪಿ. ಸೇರಿದೆ. ಅದರ ನಿರಾಮಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆ, ಥೆರಪಿಗಳ ವೆಚ್ಚ ಭರಿಸುತ್ತದೆ. ಈ ವಿಮೆಗೆ ಬೇಕಾದ ಅಂಗವೈಕಲ್ಯ ಪ್ರಮಾಣಪತ್ರ ಇನ್ನೂ ಮಾಡಿಸಿಲ್ಲದ ಪೋಷಕರು ಮೊದಲು ಅದನ್ನು ಮಾಡಿಸಿಕೊಳ್ಳಬೇಕು.