ಕೊಲಿಸ್ಟಿನ್: ಕೊನೆಯ ಆಸರೆಯ ಔಷಧವೂ ಕೊಟ್ಟಿಗೆಯ ಹೊಣೆಯೂ

ಕೊಲಿಸ್ಟಿನ್ ಎಂಬುದು ಬ್ಯಾಕ್ಟೀರಿಯಾಗಳನ್ನು ನಾಶಪಡಿಸುವ ಪ್ರತಿಜೈವಿಕ ಔಷಧ, ಅಂದರೆ ಆ್ಯಂಟಿಬಯೋಟಿಕ್. 1940ರ ದಶಕದಲ್ಲಿ ಜಪಾನಿನಲ್ಲಿ ಪತ್ತೆಯಾದ ಇದು ಮೂತ್ರಪಿಂಡ ಹಾಗೂ ನರಗಳಿಗೆ ಹಾನಿಯುಂಟುಮಾಡುವುದರಿಂದ 1970ರ ದಶಕದಲ್ಲಿ ಹಿಂದೆ ಸರಿಯಿತು. ಬೇರೆ ಔಷಧಗಳಿಗೆ ಜಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚಿದಂತೆ, ತೀವ್ರ ಸೋಂಕಿನ ರೋಗಿಗಳಿಗೆ ಕೊನೆಯ ಆಸರೆಯಾಗಿ ಮರಳಿ ಬಂದಿತು.

ಇದೇ ಔಷಧವನ್ನು ಹಲವು ದೇಶಗಳಲ್ಲಿ ಹಂದಿ, ಕೋಳಿಗಳ ಆಹಾರದಲ್ಲಿಯೂ ಬೆರೆಸಲಾಗುತ್ತಿತ್ತು; ಚಿಕಿತ್ಸೆಗಾಗಿ ಮಾತ್ರವಲ್ಲ, ಬೇಗನೆ ತೂಕ ಹೆಚ್ಚಲೆಂದೂ ಸಹ. ಔಷಧವು ಪದೇ ಪದೇ ಸೋಕಿದಾಗ ದುರ್ಬಲ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಅದನ್ನು ತಾಳಬಲ್ಲವು ಉಳಿದು ವೃದ್ಧಿಸುತ್ತವೆ. ಇದನ್ನೇ ಔಷಧ ಪ್ರತಿರೋಧ ಎನ್ನುತ್ತಾರೆ. ಪ್ರತಿರೋಧ ಬೆಳೆಯುವುದು ಬ್ಯಾಕ್ಟೀರಿಯಾದಲ್ಲಿಯೇ ಹೊರತು ನಮ್ಮ ದೇಹದಲ್ಲಲ್ಲ.

2015ರ ನವೆಂಬರ್‌ನಲ್ಲಿ ಚೀನಾದ ಸಂಶೋಧಕರು ಎಂಸಿಆರ್-1 ಎಂಬ ಜೀನ್‌ನ ವಿವರವನ್ನು ಪ್ರಕಟಿಸಿದರು. ಅದು ಹಂದಿಗಳಲ್ಲಿ, ಮಾರಾಟದ ಮಾಂಸದಲ್ಲಿ ಹಾಗೂ ಆಸ್ಪತ್ರೆಯ ರೋಗಿಗಳಲ್ಲಿ ದೊರೆತ ಬ್ಯಾಕ್ಟೀರಿಯಾಗಳಲ್ಲಿತ್ತು. ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಉಂಗುರದಲ್ಲಿರುವ ಈ ಜೀನ್, ಕೊಲಿಸ್ಟಿನ್‌ಗೆ ಪ್ರತಿರೋಧವನ್ನು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಿಸಬಲ್ಲದು. ಕೊಟ್ಟಿಗೆಯ ತಪ್ಪು ಆಸ್ಪತ್ರೆಯ ಹಾಸಿಗೆಯನ್ನು ಮುಟ್ಟುವುದು ಹೀಗೆ.

2017ರಲ್ಲಿ ಚೀನಾ ಪಶು ಆಹಾರಕ್ಕೆ ಬೆಳವಣಿಗೆಗಾಗಿ ಕೊಲಿಸ್ಟಿನ್ ಬೆರೆಸುವುದನ್ನು ನಿಲ್ಲಿಸಿತು. 2019ರ ಜುಲೈನಲ್ಲಿ ಭಾರತ ಸರ್ಕಾರವು ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ ಹಾಗೂ ಮೀನು ಸಾಕಣೆಗೆ ಇದರ ತಯಾರಿಕೆ, ಮಾರಾಟ, ವಿತರಣೆಗಳನ್ನು ನಿಷೇಧಿಸಿತು. ಕಾಸರಗೋಡು, ವಯನಾಡುಗಳನ್ನೊಳಗೊಂಡ ಕೇರಳವು 2018ರಲ್ಲಿಯೇ ಪ್ರತಿರೋಧ ತಡೆಯುವ ರಾಜ್ಯಮಟ್ಟದ ಕ್ರಿಯಾಯೋಜನೆಯನ್ನು ಆರಂಭಿಸಿದ್ದು, ಅದು ಮನುಷ್ಯ, ಪ್ರಾಣಿ, ಪರಿಸರ ಮೂರರ ಆರೋಗ್ಯವನ್ನೂ ಒಟ್ಟಾಗಿ ನೋಡುತ್ತದೆ.

ಕಾನೂನಿನಷ್ಟೇ ಮನೆಯ ಎಚ್ಚರವೂ ಮುಖ್ಯ. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆಯಿದ್ದರೆ, ಅದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು. ನೆಗಡಿ ಬರುವುದು ವೈರಸ್‌ನಿಂದ. ಅದಕ್ಕೆ ಪ್ರತಿಜೈವಿಕಗಳು ನಾಟುವುದಿಲ್ಲ. ಒಬ್ಬರಿಗೆ ಬರೆದು ಉಳಿದ ಮಾತ್ರೆಯನ್ನು ಮತ್ತೊಬ್ಬರಿಗಾಗಲಿ ದನಕರುಗಳಿಗಾಗಲಿ ಕೊಡಬಾರದು. ಕೆಚ್ಚಲು ಬಾವಿಗೆ ಚಿಕಿತ್ಸೆ ಪಡೆದ ಹಸುವಿನ ಹಾಲನ್ನು, ಪಶುವೈದ್ಯರು ಹೇಳಿದಷ್ಟು ದಿನ ಕುಡಿಯಬಾರದು, ಮಾರಲೂಬಾರದು. ಕೈತೊಳೆಯುವುದು, ಕೊಟ್ಟಿಗೆಯ ಶುಚಿತ್ವ ಹಾಗೂ ಸಕಾಲದ ಲಸಿಕೆ ಸೋಂಕನ್ನೇ ತಗ್ಗಿಸುತ್ತವೆ. ಔಷಧದ ಅಗತ್ಯವೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಇಂದು ಅನಗತ್ಯವಾಗಿ ಬಳಸದೆ ಉಳಿಸಿದ ಔಷಧವೇ ನಾಳೆ ನಮ್ಮ ಮಕ್ಕಳ ಪಾಲಿಗೆ ಫಲಿಸುವ ಔಷಧ.