ಇಷ್ಟು ಜನಕ್ಕೆ ಅಡುಗೆ ಮಾಡೋರು ಯಾರು?

ಊಟದ ಟೇಬಲ್ ಮೇಲೆ ಇಪ್ಪತ್ತನಾಲ್ಕು ರೋಮನ್ ಸೈನಿಕರನ್ನ ಸಾಲಾಗಿ ನಿಲ್ಲಿಸಿ, ಬಣ್ಣ ಒಣಗಲಿ ಅಂತ ಕಾಯ್ತಾ ಕೂತಿದ್ದೆ. ಕಾಫಿ ತಂದ ಅಮ್ಮ ಲೋಟ ಇಡೋಕೆ ಜಾಗ ಸಿಗದೆ ಹಾಗೇ ನಿಂತಳು. ಸ್ವಲ್ಪ ಹೊತ್ತು ನೋಡಿ, "ಎಲ್ಲರ ಕೈಯಲ್ಲೂ ಕತ್ತಿನೇ. ಇಷ್ಟು ಜನಕ್ಕೆ ಅಡುಗೆ ಮಾಡೋರು ಯಾರೋ?" ಅಂದಳು.

ನಗು ಬಂತು. ಆದ್ರೆ ಉತ್ತರ ಮಾತ್ರ ನನ್ನ ಹತ್ರ ಇರಲಿಲ್ಲ.

ಇದು 2020ರ ಲಾಕ್‌ಡೌನ್ ದಿನಗಳ ಮಾತು. ಯಾವತ್ತೋ ಕೊಂಡು ಅಟ್ಟಕ್ಕೆ ಹಾಕಿದ್ದ ಆಟಿಕೆ ಸೈನಿಕರ ಡಬ್ಬಿಗಳು ಆಗ ಕೆಳಗೆ ಇಳಿದವು. 1:72 ಅಳತೆಯ ಮೆತ್ತನೆ ಪ್ಲಾಸ್ಟಿಕ್ ಗೊಂಬೆಗಳು, ಅಂದ್ರೆ ಆಳೆತ್ತರದ ಮನುಷ್ಯ ಇಲ್ಲಿ ಎರಡೂವರೆ ಸೆಂಟಿಮೀಟರಿಗಿಂತ ಕಮ್ಮಿ. ಇವನ್ನಿಟ್ಟುಕೊಂಡು ಕ್ರಿ.ಶ. 9ರ ಟ್ಯೂಟೊಬರ್ಗ್ ಕಾಡಿನ ಒಂದು ದೃಶ್ಯ ಕಟ್ಟಬೇಕು ಅನ್ನೋದು ನನ್ನ ಆಸೆ. ಆ ವರ್ಷ ರೋಮಿನ ಸೇನಾಪತಿ ವಾರುಸ್ ಮೂರು ಲೀಜನ್‌ಗಳನ್ನು, ಅಂದರೆ 17, 18 ಮತ್ತು 19ನೆಯದನ್ನು, ಜರ್ಮನಿಯ ಕಾಡಿನೊಳಗೆ ನಡೆಸಿಕೊಂಡು ಹೋದ. ಅವನು ನಂಬಿದ್ದ ಅರ್ಮಿನಿಯಸ್ ಹುಟ್ಟಿನಿಂದ ಜರ್ಮನ್, ಪಡೆದುಕೊಂಡ ಹಕ್ಕಿನಿಂದ ರೋಮನ್ ನಾಗರಿಕ. ಅವನೇ ಹೊಂಚು ಹಾಕಿಸಿ ಆ ಸೈನ್ಯವನ್ನು ಮುಗಿಸಿದ. ವಾರುಸ್ ತನ್ನ ಕತ್ತಿಯಿಂದಲೇ ತಾನು ಸತ್ತ. ಆ ಮೂರು ನಂಬರುಗಳನ್ನು ರೋಮ್ ಮತ್ತೆ ಯಾವ ಲೀಜನ್‌ಗೂ ಇಡಲಿಲ್ಲ.

ಇಡೀ ಸೈನ್ಯ ಕಟ್ಟೋದು ಆಗದ ಮಾತು. ಆ ಕಾಡುದಾರಿಯಲ್ಲಿ ಮೆರವಣಿಗೆ ಹದಿನೈದು ಕಿಲೋಮೀಟರ್ ಉದ್ದ ಇತ್ತು ಅಂತ ಇಟ್ಟುಕೊಂಡರೂ, 1:72ರಲ್ಲಿ ಅದು ಇನ್ನೂರು ಮೀಟರ್ ದಾಟುತ್ತೆ. ನಮ್ಮ ಬೀದಿ ಸಾಲೋದಿಲ್ಲ! ನನ್ನ ಹತ್ರ ಇದ್ದಿದ್ದು ನಾಲ್ಕಡಿ ಪ್ಲೈವುಡ್ ಹಲಗೆ. ಲೆಕ್ಕ ಹಾಕಿದರೆ ನಿಜವಾದ ನೆಲದ ಮೇಲೆ ಎಂಬತ್ತೆಂಟು ಮೀಟರ್ ದಾರಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಜೌಗು, ನಡುವೆ ಇಬ್ಬಿಬ್ಬರಾಗಿ ನಡೆಯೋ ಇಪ್ಪತ್ತನಾಲ್ಕು ಜನ. ಅಷ್ಟೇ.

ತೊಂದರೆ ಏನಪ್ಪಾ ಅಂದ್ರೆ, ಡಬ್ಬಿಯಲ್ಲಿರೋ ಒಬ್ಬನೂ ನಡೆಯುತ್ತಿಲ್ಲ. ಎಲ್ಲರೂ ಕತ್ತಿ ಎತ್ತಿ ಓಡ್ತಿದ್ದಾರೆ. ಹಾಗಾಗಿ ಕೈ ಕತ್ತರಿಸಿ, ಬಿಸಿನೀರಲ್ಲಿ ಅದ್ದಿ ಬಗ್ಗಿಸಿ, ಗುಂಡುಸೂಜಿ ಚುಚ್ಚಿ ಮತ್ತೆ ಕೂರಿಸಿದೆ. ಪೊರಕೆ ಕಡ್ಡಿಯಿಂದ ಈಟಿ, ಎಂ-ಸೀಲ್‌ನಿಂದ ಬೆನ್ನ ಮೇಲಿನ ಗಂಟುಮೂಟೆ. ತಮ್ಮ ಸಾಮಾನು ತಾವೇ ಹೊರುತ್ತಿದ್ದ ಈ ಸೈನಿಕರನ್ನು 'ಮಾರಿಯಸ್‌ನ ಹೇಸರಗತ್ತೆಗಳು' ಅಂತ ಆ ಕಾಲದಲ್ಲೇ ಗೇಲಿ ಮಾಡ್ತಿದ್ದರು. ಗುರಾಣಿಗಳ ವಿಷಯದಲ್ಲಿ ಮಾತ್ರ ಇತಿಹಾಸ ನನಗೆ ಉಪಕಾರ ಮಾಡಿತು: ಪ್ರಯಾಣದಲ್ಲಿ ಅವಕ್ಕೆ ಚರ್ಮದ ಗವಸು ಹಾಕ್ತಿದ್ದರು. ಅಷ್ಟು ಚಿಕ್ಕ ಜಾಗದಲ್ಲಿ ಮಿಂಚು, ರೆಕ್ಕೆ ಬಿಡಿಸೋ ಕಷ್ಟ ತಪ್ಪಿತು. ಕಂದು ಬಣ್ಣ ಬಳಿದರೆ ಮುಗೀತು. ಮೆತ್ತನೆ ಪ್ಲಾಸ್ಟಿಕ್ ಮೇಲೆ ಬಣ್ಣ ನಿಲ್ಲಲ್ಲ, ಹಪ್ಪಳದ ಹಾಗೆ ಎದ್ದು ಬರುತ್ತೆ. ಮೊದಲು ಸೋಪಿನ ನೀರಲ್ಲಿ ತೊಳೆದು, ನೀರು ಬೆರೆಸಿದ ಫೆವಿಕಾಲ್ ಒಂದು ಪದರ ಕೊಟ್ಟರೆ ಸುಮಾರಾಗಿ ಕಚ್ಚಿಕೊಳ್ಳುತ್ತೆ.

ಇಷ್ಟೆಲ್ಲ ಆದಮೇಲೆ ಅಮ್ಮನ ಪ್ರಶ್ನೆ. ಅವತ್ತೇ ರಾತ್ರಿ ಪುಸ್ತಕ ತೆಗೆದೆ.

ಉತ್ತರ ಇದ್ದಿದ್ದು ಎಂಟು ಅನ್ನೋ ಸಂಖ್ಯೆಯಲ್ಲಿ. ರೋಮನ್ ಸೈನ್ಯದ ಅತಿ ಸಣ್ಣ ಘಟಕ ಎಂಟು ಜನರ ಗುಂಪು. ಎಂಟು ಜನಕ್ಕೆ ಒಂದು ಚರ್ಮದ ಡೇರೆ, ಒಂದು ಬೀಸೋ ಕಲ್ಲು, ಇವೆರಡನ್ನೂ ಹೊರೋಕೆ ಒಂದು ಹೇಸರಗತ್ತೆ. ಇಂಥ ಹತ್ತು ಗುಂಪು ಸೇರಿದರೆ ಎಂಬತ್ತು ಜನರ 'ಸೆಂಚುರಿ'. ಹೆಸರು ನೂರು, ಇರೋದು ಎಂಬತ್ತು! ಒಬ್ಬನಿಗೆ ದಿನಕ್ಕೆ ಮುಕ್ಕಾಲು ಕೆ.ಜಿ.ಗೂ ಮೀರಿ ಗೋಧಿ ಕೊಡ್ತಿದ್ದರು, ಹಿಟ್ಟಲ್ಲ. ದಿನವಿಡೀ ನಡೆದು ಬಂದವರು ಎಂಟು ಜನಕ್ಕೆ ಆರು ಕೆ.ಜಿ.ಗಿಂತ ಹೆಚ್ಚು ಬೀಸಿಕೊಂಡು, ರೊಟ್ಟಿಯೋ ಗಂಜಿಯೋ ಮಾಡಿಕೊಳ್ಳಬೇಕು. ಅಮ್ಮನಿಗೆ ಹೇಳಿದೆ. "ಕತ್ತಿ ಬೀಸೋಕಿಂತ ಅದೇ ಕಷ್ಟ" ಅಂದಳು. ಹುಡುಗಿಯಾಗಿದ್ದಾಗ ಕಲ್ಲು ಬೀಸಿದವಳು ಅವಳು.

ಅಲ್ಲಿಗೆ ನನ್ನ ಹಲಗೆಗೆ ಮೂರು ಹೇಸರಗತ್ತೆ ಬೇಕಾಯ್ತು. ಡಬ್ಬಿಯಲ್ಲಿ ಒಂದೂ ಇಲ್ಲ. ಕೌಬಾಯ್ ಸೆಟ್ಟಿನ ಕುದುರೆಗಳಿಗೆ ಎಂ-ಸೀಲ್‌ನಿಂದ ಉದ್ದ ಕಿವಿ ಅಂಟಿಸಿ, ಬಾಲ ಕೆರೆದೆ. ದೂರದಿಂದ ನೋಡಿದರೆ ಪರವಾಗಿಲ್ಲ.

ಈ ಕತ್ತೆಗಳ ಬಗ್ಗೆ ಹುಡುಕುವಾಗಲೇ ಕಾಲ್ಕ್ರೀಸೆ ಸಿಕ್ಕಿದ್ದು. ಓಸ್ನಾಬ್ರುಕ್ ಹತ್ತಿರದ ಈ ಜಾಗದಲ್ಲಿ 1987ರಲ್ಲಿ ಟೋನಿ ಕ್ಲನ್ ಅನ್ನೋ ಬ್ರಿಟಿಷ್ ಸೇನಾಧಿಕಾರಿ ಲೋಹಶೋಧಕ ಹಿಡಿದು ಓಡಾಡಿ ರೋಮನ್ ಬೆಳ್ಳಿ ನಾಣ್ಯಗಳನ್ನು ಪತ್ತೆ ಮಾಡಿದ. ವಾರುಸ್‌ನ ಸೈನ್ಯ ನಾಶವಾದ ಜಾಗಗಳಲ್ಲಿ ಇದೂ ಒಂದು ಅಂತ ಬಹುಪಾಲು ವಿದ್ವಾಂಸರು ಈಗ ಒಪ್ಪುತ್ತಾರೆ. ಅಲ್ಲಿ ಸಿಕ್ಕ ನಾಣ್ಯಗಳಲ್ಲಿ ಆಗಸ್ಟಸ್ ತನ್ನ ಮೊಮ್ಮಕ್ಕಳಾದ ಗಾಯಸ್, ಲೂಸಿಯಸ್ ಚಿತ್ರ ಹಾಕಿಸಿದ ಬಗೆಯವೂ ಇವೆ. ಅದೇ ಬಗೆಯ ನಾಣ್ಯಗಳು ದಕ್ಷಿಣ ಭಾರತದ ನಿಧಿಗಳಲ್ಲೂ ಸಿಗುತ್ತವೆ. ನಮ್ಮ ಯಶವಂತಪುರದಲ್ಲಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಲೀಜನ್ ಸಿಪಾಯಿಗೆ ವರ್ಷಕ್ಕೆ ಇಂಥ 225 ದಿನಾರಿ ಸಂಬಳ. ಒಂದೇ ಟಂಕಸಾಲೆಯ ದುಡ್ಡು ಒಂದು ಕಡೆ ಮೆಣಸಿನ ವ್ಯಾಪಾರದ ದಾರಿ ಹಿಡಿಯಿತು, ಇನ್ನೊಂದು ಕಡೆ ಕೆಸರಲ್ಲಿ ಹೂತುಹೋಯಿತು.

ಕಾಲ್ಕ್ರೀಸೆಯಲ್ಲಿ ಒಂದು ಹೇಸರಗತ್ತೆಯ ಅಸ್ಥಿಪಂಜರವೂ ಸಿಕ್ಕಿದೆ. ಕೊರಳಲ್ಲಿ ಗಂಟೆ. ಗಂಟೆಯೊಳಗೆ ಹುಲ್ಲು ತುರುಕಿದ್ದರು, ಸದ್ದು ಬರಬಾರದು ಅಂತ. ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಮೇಲೆ ಮೂರು ಕತ್ತೆಗಳಲ್ಲಿ ಒಂದಕ್ಕೆ ಸಾಸಿವೆ ಕಾಳಿನಷ್ಟು ಗಂಟೆ ಮಾಡಿ, ತೆಂಗಿನ ನಾರಿನ ಚೂರು ಅಂಟಿಸಿದೆ.

ಸೆಪ್ಟೆಂಬರ್‌ನಲ್ಲಿ ಇನ್ನೊಂದು ಹೊಡೆತ. ನಾನು ನಂಬಿದ್ದ ಹಳೇ ಪುಸ್ತಕದ ಪ್ರಕಾರ ಆ ಕಾಲದ ಸೈನಿಕರು ತೊಡ್ತಿದ್ದಿದ್ದು ಬಳೆಬಳೆ ಹೆಣೆದ ಕವಚ. ಸಿನಿಮಾದಲ್ಲಿ ಕಾಣೋ ಪಟ್ಟಿಪಟ್ಟಿ ಕವಚ ಬಂದಿದ್ದು ಆಮೇಲೆ. ಅದಕ್ಕೇ ಇಪ್ಪತ್ತನಾಲ್ಕೂ ಜನರ ಪಟ್ಟಿಗಳನ್ನು ಬ್ಲೇಡಿನಲ್ಲಿ ಕೆರೆದು, ಎಂ-ಸೀಲ್ ಬಳಿದು, ಸೂಜಿಯಲ್ಲಿ ಚುಕ್ಕಿ ಚುಕ್ಕಿ ಒತ್ತಿದ್ದೆ. ಈಗ ನೋಡಿದರೆ, ಕಾಲ್ಕ್ರೀಸೆಯಲ್ಲಿ 2018ರಲ್ಲಿ ಸಿಕ್ಕಿದ್ದ ಪಟ್ಟಿ ಕವಚದ ಸುದ್ದಿ ಹೊರಗೆ ಬಂತು. ಹೆಚ್ಚುಕಮ್ಮಿ ಪೂರ್ತಿ ಇದೆ. ಮಣ್ಣಿನ ಹೆಂಟೆ ಸಮೇತ ಎತ್ತಿ ಸಿ.ಟಿ. ಸ್ಕ್ಯಾನ್ ಮಾಡಿದ್ದರು. ಬಿಡಿ ತುಂಡುಗಳು ಮೊದಲೇ ಸಿಕ್ಕಿದ್ದವಂತೆ. ನನ್ನ ಪುಸ್ತಕಕ್ಕೆ ಅದು ಗೊತ್ತಿರಲಿಲ್ಲ. ಎರಡು ತಿಂಗಳ ಕೆಲಸ ನೆನೆದು ಹೊಟ್ಟೆ ಉರೀತು. ಕೊನೆಗೆ ಡಬ್ಬಿಯಲ್ಲಿ ಉಳಿದಿದ್ದ ಆರು ಜನರನ್ನು ಪಟ್ಟಿ ಕವಚದಲ್ಲೇ ಸಜ್ಜುಮಾಡಿ, ಸಾಲಿನಲ್ಲಿ ಆರು ಜನರನ್ನು ಬದಲಾಯಿಸಿದೆ.

ಆದ್ರೆ ಆ ಸುದ್ದಿಯಲ್ಲಿ ನನ್ನನ್ನು ಕಾಡಿದ್ದು ಕವಚವಲ್ಲ. ಅದರ ಜೊತೆ ಕುತ್ತಿಗೆಗೂ ಕೈಗಳಿಗೂ ಸೇರಿಸಿ ಹಾಕುವ ಕಬ್ಬಿಣದ ಬೇಡಿ ಸಿಕ್ಕಿತ್ತು. ಗುಲಾಮರನ್ನು ಕಟ್ಟೋಕೆ ರೋಮನ್ನರು ಬಳಸುತ್ತಿದ್ದ ಬೇಡಿ ಅದು. ಗೆದ್ದವರು ಅದನ್ನೇ ಸೋತ ಸೈನಿಕನಿಗೆ ತೊಡಿಸಿರಬೇಕು ಅನ್ನೋದು ಸಂಶೋಧಕರ ಊಹೆ. ಸೈನ್ಯ ಡೇರೆ, ಬೀಸೋ ಕಲ್ಲುಗಳ ಜೊತೆ ಬೇಡಿಯನ್ನೂ ಹೊತ್ತು ನಡೆದಿತ್ತು. ಇನ್ನೂರು ವರ್ಷದ ಮೇಲೆ ಬರೆದ ಕ್ಯಾಸಿಯಸ್ ಡಿಯೋ ಹೇಳುವಂತೆ ಆ ಮೆರವಣಿಗೆಯಲ್ಲಿ ಹೆಂಗಸರು, ಮಕ್ಕಳು, ಆಳುಗಳು ಬೇಕಾದಷ್ಟಿದ್ದರು. ನನ್ನ ಡಬ್ಬಿಯಲ್ಲಿ ಅವರು ಯಾರೂ ಇಲ್ಲ.

ಬಾನ್ ಊರಿನ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲಿದೆ. 18ನೇ ಲೀಜನ್‌ನ ಸೆಂಚೂರಿಯನ್ ಮಾರ್ಕುಸ್ ಕೇಲಿಯುಸ್‌ನ ನೆನಪಿಗೆ ಅವನ ತಮ್ಮನೋ ಅಣ್ಣನೋ ಹಾಕಿಸಿದ್ದು. ಇಟಲಿಯ ಬೊಲೋನ್ಯದವನು, ವಯಸ್ಸು ಐವತ್ಮೂರೂವರೆ, ವಾರುಸ್‌ನ ಯುದ್ಧದಲ್ಲಿ ಬಿದ್ದವನು. ಕೈಯಲ್ಲಿ ಬಳ್ಳಿಕೋಲು, ಎದೆ ತುಂಬ ಪದಕ. ಆ ಕಲ್ಲಿನ ಕೆಳಗೆ ದೇಹವಿಲ್ಲ. ಎಲುಬು ತಂದು ಇಲ್ಲಿ ಇಡಬಹುದು ಅಂತ ಅನುಮತಿ ಮಾತ್ರ ಕೆತ್ತಿದೆ. ಅವನ ಎಡಬಲಕ್ಕೆ ಎರಡು ತಲೆಗಳಿವೆ: ಪ್ರಿವಾಟುಸ್ ಮತ್ತು ಥಿಯಾಮಿನುಸ್. ಅವನು ಬಿಡುಗಡೆ ಮಾಡಿದ ಗುಲಾಮರು.

ಆರು ವರ್ಷದ ನಂತರ, ಕ್ರಿ.ಶ. 15ರಲ್ಲಿ, ಜರ್ಮಾನಿಕುಸ್ ಸೈನ್ಯ ಸಮೇತ ಆ ಕಾಡಿಗೆ ಹೋಗಿ ಚೆಲ್ಲಾಡಿದ್ದ ಎಲುಬುಗಳನ್ನು ಹೂಳಿಸಿದ. ಹೂಳುತ್ತಿದ್ದವರಿಗೆ ಅದು ತಮ್ಮವರದೋ ಪರರದೋ ತಿಳಿಯುತ್ತಿರಲಿಲ್ಲ ಅಂತ ಟ್ಯಾಸಿಟಸ್ ಬರೆಯುತ್ತಾನೆ. ಕಾಲ್ಕ್ರೀಸೆಯಲ್ಲೂ ಎಲುಬಿನ ಗುಂಡಿಗಳು ಸಿಕ್ಕಿವೆ. ವರ್ಷಗಟ್ಟಲೆ ಮಳೆ ಬಿಸಿಲಿಗೆ ಒಡ್ಡಿಕೊಂಡಿದ್ದ ಎಲುಬುಗಳು. ಮನುಷ್ಯರದ್ದೂ ಹೇಸರಗತ್ತೆಗಳದ್ದೂ ಒಟ್ಟಿಗೆ.

ಡಬ್ಬಿಯಲ್ಲಿದ್ದ ಸೆಂಚೂರಿಯನ್‌ಗೆ ಗುಂಡುಸೂಜಿಯ ತುದಿಯಿಂದ ಪದಕದ ಚುಕ್ಕಿ ಇಟ್ಟು ಕೇಲಿಯುಸ್ ಮಾಡಿದೆ. ಅವನು ಸುಲಭ. ಆ ಇಬ್ಬರನ್ನು ಯಾವ ಕಂಪನಿಯೂ ಮಾರೋದಿಲ್ಲ. ಉಳಿದ ಇಬ್ಬರು ಸಿಪಾಯಿಗಳ ತಲೆಯಿಂದ ಶಿರಸ್ತ್ರಾಣ, ಸೊಂಟದಿಂದ ಕತ್ತಿ ಕೆರೆದು ತೆಗೆದೆ. ಎಂ-ಸೀಲ್‌ನಿಂದ ಕೂದಲು, ಉಣ್ಣೆಯ ಅಂಗಿ. ಒಬ್ಬನ ಕೈಗೆ ಗಂಟೆ ಕಟ್ಟಿದ ಕತ್ತೆಯ ಹಗ್ಗ. ಬಳಸಿ ಒಣಗಿಸಿದ ಟೀಪುಡಿಯನ್ನು ತರಗೆಲೆ ಥರ ಉದುರಿಸಿ, ಎಲ್ಲರನ್ನೂ ಹಲಗೆಗೆ ಅಂಟಿಸಿದೆ.

ದಸರಾದಲ್ಲಿ ಅಮ್ಮ ಹಲಗೆಯನ್ನು ಬೊಂಬೆ ಮೆಟ್ಟಿಲಿನ ಪಕ್ಕ ಇಡಿಸಿದಳು. ಪಟ್ಟದ ಗೊಂಬೆಗಳ ಧೂಳು ಒರೆಸುತ್ತಾ, ಕತ್ತೆ ಹತ್ರ ಬಗ್ಗಿ ನೋಡಿ, "ಇವರಿಬ್ಬರ ಕೈಲಿ ಕತ್ತಿ ಇಲ್ಲ. ಅಡುಗೆಯವರಾ?" ಅಂದಳು.

"ಗೊತ್ತಿಲ್ಲಮ್ಮ. ಹೆಸರು ಮಾತ್ರ ಗೊತ್ತು" ಅಂದೆ.

"ಉಳಿದವರದ್ದು?"

ಆ ಇಪ್ಪತ್ತನಾಲ್ಕು ಜನರಲ್ಲಿ ಒಬ್ಬರದ್ದೂ ಗೊತ್ತಿರಲಿಲ್ಲ.